ಗುಟ್ಟಿಗೊಂದು ಭಾಷೆ

ಶಾಂತಿನಾಥನ ಹದಿನಾಲ್ಕು ವರ್ಷದ ಸಂಸಾರಕ್ಕೆ ಕುತ್ತು ಬಂದದ್ದು ಗಣತಿ ಫಾರ್ಮಿನ ಒಂಬತ್ತನೇ ಕಲಮಿನಿಂದ. ಎಂಟನೆಯದರ ತನಕ ಅವನಿಗೇನೂ ಭಯವಿರಲಿಲ್ಲ. ಹೆಸರು ಹೇಳಬಹುದು, ವಯಸ್ಸು ಹೇಳಬಹುದು, ಖೋಲಿ ಎಷ್ಟು, ನಳ ಮನೆಯೊಳಗೋ ಹೊರಗೋ, ಯಾವುದಕ್ಕೂ ನಾಲಿಗೆ ತಡವರಿಸಬೇಕಾಗಿಲ್ಲ. ಒಂಬತ್ತನೆಯದು ಶಿಕ್ಷಣ.

ಸುದ್ದಿ ತಂದವರು ಪಕ್ಕದ ಮನೆಯ ಬಾಬಾಸಾಹೇಬರು. ಮೂವತ್ತು ವರ್ಷ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದವರು, ಆದರೆ ನಿವೃತ್ತಿ ಕೈಗೆ ಮಾತ್ರ, ಬಾಯಿಗಲ್ಲ ಎಂದು ನಂಬಿದವರು. ಮನೆಮಾತು ಮರಾಠಿ. ಕನ್ನಡದವರ ನಡುವೆ ಬೆಳೆದದ್ದರಿಂದ ಕನ್ನಡದಲ್ಲೂ ಅಷ್ಟೇ ಸಲೀಸಾಗಿ ಮೂಗು ತೂರಿಸಬಲ್ಲರು.

"ಶಾಂತಿನಾಥ, ಗಣತಿ ಬಾಯಿ ಗಲ್ಲಿಗೆ ಬಂದಾಳ ನೋಡಪಾ. ಭಾಷಾ, ಧರ್ಮ, ಶಿಕ್ಷಣ, ಎಲ್ಲಾ ಕೇಳ್ತಾಳ. ಖರೇ ಹೇಳಬೇಕು. ಸುಳ್ಳ ಹೇಳಿದ್ರ ಮೂರ ವರ್ಷ ಒಳಗ."

"ಶಿಕ್ಷಣದ ಬಗ್ಗೆ ಸುಳ್ಳ ಹೇಳಿದ್ರೂ ಒಳಗ ಹಾಕ್ತಾರೇನ್ರಿ?"

"ಸರಕಾರಕ್ಕ ಸುಳ್ಳಂದ್ರ ಸುಳ್ಳ. ಆದ್ರ ನಿನಗ್ಯಾಕ ಕಾಳಜಿ? ನೀ ಬಿ.ಕಾಂ. ಮನಷ್ಯಾ."

ಕಾಳಜಿ ಅಲ್ಲೇ ಇತ್ತು. ಶಾಂತಿನಾಥ ಬಿ.ಕಾಂ. ಆಗಿರಲಿಲ್ಲ. ಹತ್ತನೆಯ ಇಯತ್ತೆಯ ಇಂಗ್ಲೀಷು ಅವನನ್ನು ಒಂದಲ್ಲ ಎರಡಲ್ಲ, ಮೂರು ಸಲ ಕೆಡವಿತ್ತು. ನಾಲ್ಕನೇ ಸಲ ಅವನೇ ಅದರ ದಾರಿ ಬಿಟ್ಟುಕೊಟ್ಟು, ಕೊಲ್ಹಾಪುರದ ಹತ್ತಿರ ಶಿರೋಳಿಯ ಫೌಂಡ್ರಿಯೊಂದರಲ್ಲಿ ಎರಡು ವರ್ಷ ಮಣ್ಣಿನ ಅಚ್ಚು ಬಡಿದು, ಅಪ್ಪ ತೀರಿಕೊಂಡಾಗ ಗಡಿಯ ಕಡೆಯ ತನ್ನೂರು ಕಬನೂರಿಗೆ ಮರಳಿ ಮನೆಯ ಎಂಟು ವಿದ್ಯುತ್ ಮಗ್ಗಗಳನ್ನು ನೋಡಿಕೊಳ್ಳತೊಡಗಿದ್ದ. ಮದುವೆಯ ಮಾತು ಬಂದಾಗ ಪರಿಚಯಪತ್ರ ಬರೆದವನು ಸೋದರಮಾವ. "ಕೊಲ್ಹಾಪುರಕ್ಕ ಹೋಗಿದ್ದಿ ಹೌದಲ್ಲೊ? ಯಾಕ ಹೋಗಿದ್ದಿ ಅಂತ ಯಾರ ಕೇಳ್ತಾರ?" ಎಂದವನೇ ಶಿಕ್ಷಣದ ಮುಂದೆ ಬಿ.ಕಾಂ. ಎಂದು ಕೆತ್ತಿಬಿಟ್ಟ. ಕೊಲ್ಹಾಪುರದಲ್ಲಿ ಓದಿ ಬಂದವನೆಂದೇ ಗಲ್ಲಿಯೂ ನಂಬಿತು. ಈಗ ಅವನ ಹೆಂಡತಿಯಾಗಿರುವ, ಗಡಹಿಂಗ್ಲಜದ ನೂತನ ಆ ಎರಡಕ್ಷರ ನೋಡಿಯೇ, ಹನ್ನೆರಡು ಮಗ್ಗ ಮತ್ತು ಒಂದು ಕಾರು ಇದ್ದ ಸಾಂಗಲಿಯ ವರನನ್ನು ಬೇಡವೆಂದಿದ್ದಳು. ಮಗ್ಗ ಯಾವಾಗಾದರೂ ಮಾಡಬಹುದು, ಓದಿದವ ಬೇಕು ಅಂದಿದ್ದಳಂತೆ. ಅದನ್ನು ಅವಳು ಈಗಲೂ ಗಲ್ಲಿಯವರಿಗೆಲ್ಲ ಹೇಳುತ್ತಾಳೆ. ಮಗಳು ಸೋನಲ ಇಂಗ್ಲೀಷಿನಲ್ಲಿ ಎಲ್ಲರಿಗಿಂತ ಮುಂದೆ ಬಂದಾಗ, "ರಕ್ತದಾಗ ಬರಬೇಕಾಗತೈತಿ" ಎಂದು ಶಾಂತಿನಾಥ ಮೀಸೆ ತಿರುವುತ್ತಾನೆ. ತಿರುವುತ್ತಲೇ ಮಾತನ್ನೂ ಬೇರೆಡೆ ತಿರುಗಿಸುತ್ತಾನೆ.

ಈಗ ಸುಳ್ಳು ಹೇಳಿದರೆ ಜೇಲು. ಖರೆ ಹೇಳಿದರೆ ನೂತನ. ಎರಡನ್ನೂ ತೂಗಿ ನೋಡಿದ. ಜೇಲಿನವರು ಮೂರು ವರ್ಷಕ್ಕೆ ಬಿಟ್ಟುಬಿಡುತ್ತಾರೆ.

ಉಳಿದದ್ದು ಒಂದೇ ದಾರಿ. ಗಣತಿ ಬಾಯಿ ಮನೆಗೆ ಬರುವ ಮುಂಚೆ ಅವಳನ್ನು ಬೇರೆಡೆ ಹಿಡಿದು, ಮೆಲ್ಲಗೆ ಖರೆ ಹೇಳಿ, ಮನೆಯಲ್ಲಿ ಆ ಕಲಮು ಕೇಳಬೇಡಿರೆಂದು ಬೇಡಿಕೊಳ್ಳುವುದು.

ಗಣತಿಗೆ ಬಂದಿದ್ದ ರುತುಜಾ ಒಂದು ಮರಾಠಿ ಶಾಲೆಯಲ್ಲಿ ಗಣಿತ ಕಲಿಸುವ ಶಿಕ್ಷಕಿ, ಊರು ನೇಸರಿ. ಕನ್ನಡ, ಮರಾಠಿ, ಹಿಂದಿ ಮೂರೂ ಬರುತ್ತಿತ್ತು. ಶಾಂತಿನಾಥ ಹೋದಾಗ ಅವಳು ಎದುರಿನ ಇಂದುಬಾಯಿಯ ಕಿರಾಣಿ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಮಾತೃಭಾಷೆಯ ಕಲಮಿನೊಂದಿಗೆ ಗುದ್ದಾಡುತ್ತಿದ್ದಳು.

"ಕನ್ನಡ ಬರೀರಿ," ಎಂದಳು ಇಂದುಬಾಯಿ. "ಆದ್ರ ಶಾಲಿ ಕಲ್ತದ್ದು ಮರಾಠಿ. ತೂಕ ಮಾಡೂದು ಮರಾಠಿದಾಗ, ಗಿರಾಕಿ ಬೈಯೂದು ಕನ್ನಡದಾಗ. ಮಗ್ಗದ ಹುಡುಗರು ಬಂದ್ರ ಹಿಂದಿ. ಹಿಂಗಿದ್ರ ಮಾತೃಭಾಷಾ ಯಾವದಾಗತೈತ್ರಿ?"

"ನೀವು ಸಣ್ಣವರಿದ್ದಾಗ ನಿಮ್ಮ ತಾಯಿ ನಿಮ್ಮ ಕೂಡ ಯಾವ ಭಾಷಾದಾಗ ಮಾತಾಡ್ತಿದ್ರು?"

"ನಮ್ಮವ್ವ ಮಾತಾಡ್ತಿದ್ದಿಲ್ರಿ. ಹೊಡೀತಿದ್ಲು."

ರುತುಜಾ ಕನ್ನಡ ಎಂದು ಬರೆದುಕೊಂಡಳು. ಇಂದುಬಾಯಿ ಸಕ್ಕರೆ ಕಟ್ಟಲು ಒಳಗೆ ತಿರುಗಿದ್ದೇ ತಡ, ಶಾಂತಿನಾಥ ಮುಂದಕ್ಕೆ ಬಾಗಿದ. "ಬಾಯಾರ, ಒಂದ ಮಾತಿತ್ರಿ. ಸ್ವಲ್ಪ ಗುಟ್ಟಿಂದು. ಆ ಒಂಬತ್ತನೇ ಕಲಮಿನಾಗ ನಂದು..."

ಮೂಲೆಯಲ್ಲಿ ಇಂದುಬಾಯಿಯ ಅತ್ತೆ ಹಣಮವ್ವ ಕುಳಿತಿದ್ದಳು. ಹತ್ತು ವರ್ಷದಿಂದ ಆಕೆಗೆ ಕಿವಿ ಕೇಳುವುದಿಲ್ಲ. ಮನೆಯ ಮುಂದೆ ಬ್ಯಾಂಡು ಬಾರಿಸಿದರೂ ಕಣ್ಣು ತೆರೆಯುವವಳಲ್ಲ. ಗುಟ್ಟು ಎಂಬ ಮಾತು ಬಿದ್ದದ್ದೇ ಆಕೆ ಕುತ್ತಿಗೆ ಉದ್ದ ಮಾಡಿದಳು.

"ಏನ ಗುಟ್ಟಪಾ ಶಾಂತಿನಾಥ? ತುಸು ಜೋರ ಹೇಳ."

ಶಾಂತಿನಾಥ ಎರಡು ಬಿಸ್ಕೀಟ ಪುಡಾ ಕೊಂಡು ಹೊರಬಿದ್ದ. ಕನ್ನಡದಲ್ಲಿ ಕೆಲಸವಾಗುವುದಿಲ್ಲ ಎಂಬುದು ಖಾತ್ರಿಯಾಯಿತು.

ಮರಾಠಿಯ ಗತಿಯೂ ಅದೇ ಆಯಿತು. ರುತುಜಾ ಬಾಬಾಸಾಹೇಬರ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದಾಗ, ಸಾಹೇಬರು ಒಳಗೆ ಕನ್ನಡಕ ತರಲು ಹೋಗಿದ್ದಾರೆಂದು ನೋಡಿಕೊಂಡು, "ತಾಈ, ಏಕ್ ವಿನಂತಿ ಹೋತಿ" ಎಂದು ಶುರುಮಾಡಿದ. ಸಾಹೇಬರು ಕನ್ನಡಕವಿಲ್ಲದೆಯೇ ಹೊರಬಂದರು.

"ಕಸಲೀ ವಿನಂತಿ? ಎಂಥಾ ವಿನಂತಿ, ನನಗ ಹೇಳ, ನಾ ಹೇಳ್ತೇನಿ ಆಕೀಗೆ. ಬಾಯಿ, ಇವ ನಾಚತಾನ. ಇವನ ಮುಂದ ಬಿ.ಕಾಂ. ಬರೀ. ನಾನ ಸಾಕ್ಷಿ. ಸುಳ್ಳಾದ್ರ ಐದ ವರ್ಷ ಒಳಗ ಹೋಗ್ತೇನಿ."

"ಮೂರ ಅಂದಿದ್ರಲ್ರಿ?" ಎಂದ ಶಾಂತಿನಾಥ.

"ಸಾಕ್ಷಿ ಹೇಳಿದ್ರ ಹೆಚ್ಚ."

"ಹಂಗ ಹೊರಗ ಬರಕೊಳ್ಳಾಕ ಬರೂದಿಲ್ರಿ," ಎಂದಳು ರುತುಜಾ. "ಅವರ ಮನಿಗೆ ಹೋಗೇ ಕೇಳಬೇಕು."

ಇನ್ನುಳಿದದ್ದು ಹಿಂದಿ. ಈ ಸಲ ಶಾಂತಿನಾಥ ಜಾಗವನ್ನೂ ವಿಚಾರ ಮಾಡಿ ಆರಿಸಿದ. ಮನೆಯ ಹಿಂದಿನ ಶೆಡ್ಡಿನಲ್ಲಿ ಎಂಟು ಮಗ್ಗಗಳು ಒಟ್ಟಿಗೆ ಓಡುವಾಗ ಪಕ್ಕದಲ್ಲಿ ನಿಂತವನ ಮಾತು ಪಕ್ಕದಲ್ಲಿ ನಿಂತವನಿಗೇ ಕೇಳಿಸದು. ಮೇಲಿನ ಖೋಲಿಯಲ್ಲಿ ವಾಸಿಸುವ ಕೆಲಸಗಾರರನ್ನು ಬರೆದುಕೊಳ್ಳಲು ರುತುಜಾ ಅಲ್ಲಿಗೆ ಬರಲೇಬೇಕಿತ್ತು. ಬಂದಳು. ಬಿಹಾರದ ರಾಮಸೂರತ ತನ್ನ ಮಾತೃಭಾಷೆ ಭೋಜಪುರಿ ಎಂದು ಹೇಳಿ, ಹಿಂದಿಯಲ್ಲಿ ವಿವರಿಸಿ, ಮರಾಠಿಯಲ್ಲಿ ಕುರ್ಚಿ ಕೊಟ್ಟು, "ಕೂಡ್ರಿ ಬಾಯಾರ" ಎಂದು ಕನ್ನಡದಲ್ಲಿ ಮುಗಿಸಿದ. ಅವಳ ಬರಹ ಮುಗಿದ ಮೇಲೆ ಶಾಂತಿನಾಥ ಅವಳನ್ನು ನಾಲ್ಕನೇ ಮಗ್ಗದ ಹಿಂದೆ ಕರೆದ.

"ಮ್ಯಾಡಮ್, ಮೈ ಪಾಸ್ ನಹೀ ಹೂಂ," ಎಂದು, ತಾನು ಪಾಸಾಗಿಲ್ಲವೆಂಬುದನ್ನು ಕೂಗಿದ.

ರುತುಜಾ ಕಿವಿಗೆ ಕೈಹಚ್ಚಿದಳು. ಕೇಳಿಸಲಿಲ್ಲ.

ಅವನು ಇನ್ನೊಂದು ಹೆಜ್ಜೆ ಹತ್ತಿರ ಸರಿದು, ಎದೆಯ ಉಸಿರನ್ನೆಲ್ಲ ಒಟ್ಟುಗೂಡಿಸಿ ಮುಂದಿನ ಮಾತನ್ನು ಹಾಕಿದ. ಅವನ ಬಾಯಿ ತೆರೆಯುವುದಕ್ಕೂ ಲೈಟು ಹೋಗುವುದಕ್ಕೂ ಸರಿಹೋಯಿತು. ಎಂಟೂ ಮಗ್ಗ ಒಮ್ಮೆಲೇ ನಿಂತವು. ಆ ಗಕ್ಕನೆಯ ಮೌನದಲ್ಲಿ, ಶೆಡ್ಡಿನ ಆರು ಜನಕ್ಕೂ, ಓಣಿಯಲ್ಲಿ ಹೋಗುತ್ತಿದ್ದ ಇಂದುಬಾಯಿಗೂ, ಶಾಂತಿನಾಥನ ಧ್ವನಿ ಮೈಕಿನಲ್ಲಿ ಬಂದಂತೆ ಕೇಳಿಸಿತು.

"ಮೇರೀ ಬೀವೀ ಕೋ ಮಾಲೂಮ್ ನಹೀ ಹೈ."

ನನ್ನ ಹೆಂಡತಿಗೆ ಗೊತ್ತಿಲ್ಲ. ಮಗ್ಗದ ಹಿಂದೆ, ಪರ ಊರಿನ ಪ್ರಾಯದ ಹೆಣ್ಣುಮಗಳ ಎದುರು ನಿಂತು ಗಂಡಸೊಬ್ಬ ಹೇಳಬಾರದ ಮಾತು ಲೋಕದಲ್ಲಿ ಯಾವುದಾದರೂ ಇದ್ದರೆ ಅದು ಇದೇ. ರಾಮಸೂರತ ಮಾಲೀಕನ ಮಾನ ಕಾಯಲು ನೆಲ ನೋಡತೊಡಗಿದ. ರುತುಜಾ ಚೀಲದ ಚೈನು ಎಳೆದಳು.

"ನೋಡ್ರಿ, ನಿಮ್ಮ ಮನಿ ಎಲ್ಲಾರಿಗಿಂತ ಕಡೀಕ ಮಾಡ್ತೇನಿ. ಸಂಜೀ ಐದಕ್ಕ. ನಿಮ್ಮ ಮನಿಯವರು ಎದುರಿಗೆ ಇರಬೇಕು. ಇನ್ನ ಮ್ಯಾಲ ನನ್ನ ಕೂಡ ಒಬ್ಬರ ಮಾತಾಡಾಕ ಬರಬ್ಯಾಡ್ರಿ."

"ಬಾಯಾರ, ನೀವು ತಿಳಕೊಂಡದ್ದು ಬ್ಯಾರೆ..."

ಅವಳು ಆಗಲೇ ಹೊರಗಿದ್ದಳು. ಇಂದುಬಾಯಿಯೂ ಓಣಿಯಲ್ಲಿರಲಿಲ್ಲ. ಅದು ಹೆಚ್ಚಿನ ಭಯದ ಸಂಗತಿ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಶಾಂತಿನಾಥನ ತಾಟಿಗೆ ರೊಟ್ಟಿ ಬಿದ್ದ ಸಪ್ಪಳಕ್ಕೇ ಸುದ್ದಿ ಮುಟ್ಟಿದೆ ಎಂದು ಗೊತ್ತಾಯಿತು. ನೂತನ ಎದುರು ನಿಂತಳು. ಅವಳ ಕಣ್ಣು ಕೆಂಪಾಗಿತ್ತು.

"ನನಗ ಗೊತ್ತಿರಲಾರದ್ದು ಏನೈತ್ರಿ?"

"ಏನೂ ಇಲ್ಲ."

"ಏನೂ ಇಲ್ಲಂದ್ರ, ನನಗ ಗೊತ್ತಿಲ್ಲ ಅಂತ ಆ ಬಾಯಿಗೆ ಯಾಕ ಹೇಳಿದ್ರಿ?"

ತಾಯಿ ಚಂಪಾಬಾಯಿ ಜಪಮಾಲೆ ಹಿಡಿದು ಗೋಡೆಗೆ ಒರಗಿದ್ದವಳು ಮಣಿ ಎಣಿಸುವುದು ನಿಲ್ಲಿಸಿ, "ನಮ್ಮ ಮನಿತನದಾಗ ಇಂಥಾದ್ದು ಆಗಿದ್ದಿಲ್ಲವ್ವ," ಎಂದು ಸೊಸೆಯ ಕಡೆ ಸೇರಿಕೊಂಡಳು.

"ಹದಿನಾಲ್ಕ ವರ್ಷ, ಓದಿದ ಮನಷ್ಯಾ, ತಿಳದ ಮನಷ್ಯಾ ಅಂತ ಊರ ತುಂಬ ಹೇಳಕೋತ ಬಂದೇನಿ," ಎಂದಳು ನೂತನ. "ಇವತ್ತ ಐದಕ್ಕ ಆ ಬಾಯಿ ಬರ್ತಾಳ. ನನ್ನ ಮುಂದ, ಆಕೀ ಮುಂದ, ಏನೈತಿ ಅದನ್ನ ಹೇಳ್ರಿ. ಇಲ್ಲಾಂದ್ರ ನಾ ಸೋನಲನ್ನ ಕರಕೊಂಡ ಗಡಹಿಂಗ್ಲಜಕ್ಕ ಹೋಗ್ತೇನಿ."

ಬೆಳಗ್ಗೆ ಶಾಂತಿನಾಥನ ಹೆಗಲ ಮೇಲಿದ್ದದ್ದು ಸಣ್ಣ ಸುಳ್ಳು. ಮಧ್ಯಾಹ್ನದ ಹೊತ್ತಿಗೆ ಅದಕ್ಕೆ ಸೀರೆ ಉಡಿಸಿ ಪಕ್ಕದಲ್ಲಿ ನಿಲ್ಲಿಸಿದ್ದರು. ಈಗ ಹತ್ತನೆಯ ನಪಾಸು ಎಂದು ಒಪ್ಪಿಕೊಂಡರೆ ಒಂದು ಕಳಂಕ ಹೋಗಿ ಇನ್ನೊಂದು ಬರುತ್ತದೆ. ಒಪ್ಪದಿದ್ದರೆ ಹೆಂಡತಿಯೇ ಹೋಗುತ್ತಾಳೆ. ಎಲ್ಲರೆದುರು ಹೇಳಬೇಕು, ಆದರೆ ಯಾರಿಗೂ ತಿಳಿಯಬಾರದು. ಗಣತಿ ಬಾಯಿಗೆ ಒಬ್ಬಳಿಗೇ ತಿಳಿದರೆ ಅವಳೇ ನಕ್ಕು, "ಅಯ್ಯ, ಇವರದು ಗಣತಿ ಫಾರ್ಮಿನ ಮಾತು, ಬ್ಯಾರೆ ಏನಿಲ್ರಿ" ಎಂದು ನೂತನಳಿಗೆ ಸಮಾಧಾನ ಹೇಳುತ್ತಾಳೆ. ಅದಕ್ಕೆ ಬೇಕಾದದ್ದು, ಗಣತಿ ಬಾಯಿಗೆ ಮಾತ್ರ ಬರುವ, ಗಲ್ಲಿಯಲ್ಲಿ ಮತ್ತಾರಿಗೂ ಬಾರದ ಒಂದು ಭಾಷೆ.

ಇಂಗ್ಲೀಷು ಹೊಳೆದದ್ದು ಆಗ. ಸೋನಲ ಶಾಲೆಯಿಂದ ಬರುವುದು ಐದೂವರೆಗೆ. ನೂತನ ಹನ್ನೆರಡನೇ ಇಯತ್ತೆ, ಅದೂ ಹಳ್ಳಿ ಕಡೆಯ ಮರಾಠಿ ಮಾಧ್ಯಮ. ಬಾಬಾಸಾಹೇಬರ ಇಂಗ್ಲೀಷು ಸಹಿ ಮಾಡುವುದಕ್ಕೆ ಮಾತ್ರ. ಶಿಕ್ಷಕಿ ಎಂದ ಮೇಲೆ ರುತುಜಾಗೆ ಇಂಗ್ಲೀಷು ಬಂದೇ ಬರುತ್ತದೆ. ಅಡಚಣೆ ಒಂದೇ, ಅದು ಶಾಂತಿನಾಥನಿಗೆ ಬರುತ್ತಿರಲಿಲ್ಲ.

ಮೊಬೈಲು ಹಿಡಿದು ನೂಲಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಕನ್ನಡದಲ್ಲಿ ಹೇಳಿದರೆ ಇಂಗ್ಲೀಷಿನಲ್ಲಿ ತಿರುಗಿ ಹೇಳುವ ಸೌಲಭ್ಯ ಅದರಲ್ಲಿತ್ತು. ಮೊದಲ ಸಲ ಹೇಳಿದಾಗ, "ಐ ಆ್ಯಮ್ ಟೆಂತ್ ಫೇಲ್, ಮೈ ವೈಫ್ ಡಸ್ ನಾಟ್ ನೋ" ಎಂದು ಬಂತು. ಶಾಂತಿನಾಥ ಬೆವರಿದ. ಟೆಂತು, ಫೇಲು, ವೈಫು, ಇವು ಹಣಮವ್ವನಿಗೂ ಗೊತ್ತು. ಇನ್ನೂ ಬಿಗಿಯಾದ ಇಂಗ್ಲೀಷು ಕೊಡು ಎಂದ. ಸ್ವಲ್ಪ ಬಿಗಿಯಾಯಿತು. ಇನ್ನೂ ಬಿಗಿ ಮಾಡು ಎಂದ. ಐದನೇ ಸಲಕ್ಕೆ ಬಂದದ್ದರಲ್ಲಿ ಒಂದು ಶಬ್ದವೂ ಅವನು ಹುಟ್ಟಿದಾಗಿನಿಂದ ಕೇಳಿದ್ದಾಗಿರಲಿಲ್ಲ. ಇದೇ ಸೈ ಎಂದು ಅದನ್ನು ನೂಲಿನ ಪೆಟ್ಟಿಗೆಯ ರಟ್ಟಿನ ಮೇಲೆ ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಒಂದೂವರೆ ತಾಸು ಬಾಯಿಪಾಠ ಮಾಡಿದ. ಹತ್ತನೆಯಲ್ಲಿ ಇದರ ಕಾಲು ಭಾಗ ಮಾಡಿದ್ದರೂ ಪಾಸಾಗುತ್ತಿದ್ದ.

ಐದಕ್ಕೆ ರುತುಜಾ ಬಂದಳು. ಗಲ್ಲಿಯೂ ಬಂತು. ಇಂದುಬಾಯಿ ಅಂಗಡಿಯ ಫಳಿ ಹಾಕಿ ಬಾಗಿಲು ಮುಚ್ಚಿ, ಅತ್ತೆಯ ಕೈಹಿಡಿದು ಕರೆತಂದಿದ್ದಳು. ಬಾಬಾಸಾಹೇಬರು ತಮ್ಮ ಕುರ್ಚಿ ತಾವೇ ತಂದರು. ರಾಮಸೂರತ ಮತ್ತು ಮಗ್ಗದವರು ಅಂಗಳದ ಗೋಡೆಗೆ ಒರಗಿದರು. ಚಂಪಾಬಾಯಿ ಹೊಸ್ತಿಲ ಒಳಗೆ, ನೂತನ ಹೊಸ್ತಿಲ ಮೇಲೆ.

ಮೊದಲಿನ ಕಲಮುಗಳು ಸರಸರ ಸಾಗಿದವು. ಮಾತೃಭಾಷೆ ಬಂದಾಗ ಚಂಪಾಬಾಯಿ ತುಸು ತಡೆದಳು. "ಬಸದ್ಯಾಗ ದೇವರ ಕೂಡ ಪ್ರಾಕೃತ, ಮನ್ಯಾಗ ಕನ್ನಡ, ಬಸ್ಸಿನ್ಯಾಗ ಮರಾಠಿ. ನಡುವಿಂದ ಬರಕೋರಿ," ಎಂದಳು. ರುತುಜಾ ಕನ್ನಡ ಎಂದು ಬರೆದುಕೊಂಡು ತಲೆ ಎತ್ತಿದಳು.

"ಶಾಂತಿನಾಥ. ಶಿಕ್ಷಣ?"

ಶಾಂತಿನಾಥ ಎದ್ದುನಿಂತ. ಶಾಲೆಯಲ್ಲಿ ನಿಲ್ಲುತ್ತಿದ್ದ ಹಾಗೆಯೇ ಕೈಕಟ್ಟಿಕೊಂಡ. ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿಬಿಟ್ಟ.

"ಮ್ಯಾಡಮ್, ಮೈ ಸೆಕೆಂಡರಿ ಸ್ಕೂಲಿಂಗ್ ರಿಮೇನ್ಸ್ ಇನ್‌ಕನ್‌ಕ್ಲೂಸಿವ್. ಮೈ ಅಲೆಜ್ಡ್ ಬ್ಯಾಕಲಾರಿಯೇಟ್ ಈಸ್ ಫಿಕ್ಟಿಶಸ್. ಮೈ ಸ್ಪೌಸ್ ಈಸ್ ಎಂಟೈರ್ಲಿ ಅನ್‌ಅವೇರ್. ಕೈಂಡ್ಲಿ ಡಾಕ್ಯುಮೆಂಟ್ ದಿಸ್ ವಿತ್ ಅಟ್‌ಮೋಸ್ಟ್ ಡಿಸ್ಕ್ರೀಷನ್."

"ವಾ," ಎಂದರು ಬಾಬಾಸಾಹೇಬರು. "ಬಿ.ಕಾಂ. ಅಂದ್ರ ಇದು ನೋಡ್ರಿ."

ಶಾಂತಿನಾಥ ಕಣ್ಣು ತೆರೆದಾಗ ರುತುಜಾ ಪೆನ್ನು ಕಚ್ಚಿಕೊಂಡು ಕುಳಿತಿದ್ದಳು. ಅವಳ ಹಣೆಯ ಮೇಲೆ ಗೆರೆಗಳು ಮೂಡಿದ್ದವು.

"ಸ್ವಲ್ಪ ಸಾವಕಾಶ ಹೇಳ್ರಿ. ನಾ ಗಣಿತದಾಕಿ."

ಶಾಂತಿನಾಥ ಇನ್ನೊಮ್ಮೆ ಹೇಳಿದ, ಸಾವಕಾಶ, ಒಂದೊಂದೇ ಶಬ್ದ ಬಿಡಿಸಿ. ರುತುಜಾಳ ಗೆರೆಗಳು ಇನ್ನೂ ಆಳವಾದವು. ಅವಳು ಸುತ್ತ ನೋಡಿದಳು. ಯಾರಾದರೂ ಸಹಾಯ ಮಾಡಬಹುದೇ ಎಂಬಂತೆ.

"ನಾ ಹೇಳ್ತೇನ್ರಿ ಬಾಯಾರ," ಎಂದಳು ನೂತನ.

ಶಾಂತಿನಾಥನಿಗೆ ಮೊದಲು ಅರ್ಥವಾಗಲಿಲ್ಲ. ಏನು ಹೇಳುತ್ತಾಳೆ ಇವಳು?

"ಅವರು ಹತ್ತನೇ ಇಯತ್ತೆ ಮುಗಿಸಿಲ್ಲ ಅಂತ. ಬಿ.ಕಾಂ. ಅನ್ನೂದು ಸುಳ್ಳಂತ. ಹೇಣ್ತಿಗೆ ಇದರ ಸುಳಿವಿಲ್ಲಂತ. ಯಾರಿಗೂ ಗೊತ್ತಾಗದಂಗ ಬರಕೋರಿ ಅಂತ ಕೈ ಮುಗದ ಕೇಳಾಕತ್ಯಾರ." ಅವಳು ಒಂದು ಶಬ್ದವನ್ನೂ ಬಿಡಲಿಲ್ಲ. ಬಾಬಾಸಾಹೇಬರು ಬಾಯಿ ತೆರೆದು ಕುಳಿತದ್ದನ್ನು ನೋಡಿ ಅವರಿಗೆ ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದಳು. ಮಗ್ಗದವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು, ಅವರಿಗೆ ಹಿಂದಿಯಲ್ಲಿ ಹೇಳಿದಳು. ಹಣಮವ್ವನಿಗೆ ಯಾರೂ ಹೇಳಬೇಕಾಗಲಿಲ್ಲ.

"ಇಷ್ಟೇನ?" ಎಂದಳು ಇಂದುಬಾಯಿ. ಅಂಗಡಿ ಮುಚ್ಚಿ ಬಂದದ್ದು ಅವಳಿಗೆ ದಂಡ ಅನ್ನಿಸಿತ್ತು.

ಶಾಂತಿನಾಥ ನಾಚಿಕೆಪಡಬೇಕಿತ್ತು. ಅದಕ್ಕೂ ಪುರುಸೊತ್ತಾಗಲಿಲ್ಲ. ತಲೆಯ ತುಂಬ ಬೇರೊಂದು ಗೊಂದಲ ತುಂಬಿಕೊಂಡಿತ್ತು.

"ನಿನಗ ಹೆಂಗ ತಿಳೀತ? ನೀ ಹನ್ನೆರಡನೇ ಅಲ್ಲ?"

"ಎಂ.ಎ.," ಎಂದಳು ನೂತನ. "ಇಂಗ್ಲೀಷ. ಕೊಲ್ಹಾಪುರದಾಗ."

ರುತುಜಾ ಪೆನ್ನು ಕೆಳಗಿಟ್ಟಳು.

"ನಿಮ್ಮ ಪತ್ರದಾಗ ಬಿ.ಕಾಂ. ಅಂತಿತ್ತು. ಕನ್ಯಾ ವರನಕಿಂತ ಒಂದ ಪಾವಟಗಿ ಕೆಳಗಿರಬೇಕು, ಇಲ್ಲಾಂದ್ರ ಸಂಬಂಧ ಮುರೀತೈತಿ ಅಂತ ನಮ್ಮಪ್ಪ ನಂದು ಹನ್ನೆರಡನೇ ಮಾಡಿದ. ಮದಿವ್ಯಾದ ಮ್ಯಾಲೂ ಹೇಳಬ್ಯಾಡ, ಗಂಡಸರ ಮನಸಿಗೆ ಹತ್ತತೈತಿ ಅಂದ್ಲು ನಮ್ಮವ್ವ. ನನ್ನ ಎಂ.ಎ. ಹದಿನಾಲ್ಕ ವರ್ಷ ಟ್ರಂಕಿನ ತಳದಾಗ ಬಿದ್ದೈತ್ರಿ. ಯಾತರ ಸಲುವಾಗಿ? ಇವರ ಇಲ್ಲದ ಬಿ.ಕಾಂ. ಸಲುವಾಗಿ."

ಅವಳ ಕಣ್ಣಲ್ಲಿ ನೀರು ಬಂತು. ನೀರಿನ ಹಿಂದೆಯೇ ನಗೆಯೂ ಬಂತು. ಯಾವುದನ್ನು ಮೊದಲು ಒರೆಸಬೇಕೆಂದು ಅವಳಿಗೇ ತಿಳಿದಂತಿರಲಿಲ್ಲ. "ವಿಮಾ ಕಂಪನಿ ಇಂಗ್ಲೀಷ ಕಾಗದ ಬಂದಾಗ ಇವರು ಓದಿ, ದೀಪಾವಳಿ ಶುಭಾಶಯ ಹೇಳ್ಯಾರ ಅಂದ್ರು. ಕಂತ ತಪ್ಪಿದ ನೋಟೀಸ ಅದು. ಬಿ.ಕಾಂ.ದವರು ಹಿಂಗ್ಯಾಕ ಓದ್ತಾರ ಅಂತ ನಾ ದಿಗಿಲಾಗಿ ಮರದಿನ ಹೋಗಿ ತುಂಬಿ ಬಂದೆ. ಸೋನಲಗ ಇಂಗ್ಲೀಷ ಕಲಿಸಾವರು ಯಾರಂತ ಮಾಡೀರಿ? ರಕ್ತ ಏನ?"

ಶಾಂತಿನಾಥ ಕುಳಿತುಬಿಟ್ಟ. ಯಾರು ಯಾರಿಗೆ ಮೋಸ ಮಾಡಿದ್ದಾರೆ, ಯಾರು ಯಾರ ಮೇಲೆ ಸಿಟ್ಟಾಗಬೇಕು, ಒಂದೂ ಬಗೆಹರಿಯಲಿಲ್ಲ. ಇವಳನ್ನು ಇಷ್ಟು ವರ್ಷ ತಾನು ಕೆಳಗೆ ಕೂಡಿಸಿದ್ದೆ ಎಂಬುದು ಮಾತ್ರ ಹೊಳೆಯಿತು. ಹೊಳೆದದ್ದೇ ಎದೆಯಲ್ಲಿ ಚುಚ್ಚಿತು.

"ತಪ್ಪಾತು," ಎಂದ. ಈ ಸಲ ಕನ್ನಡದಲ್ಲಿ, ಎಲ್ಲರಿಗೂ ಕೇಳಿಸುವಂತೆ. "ಸೋದರಮಾವ ಬರದಾ, ಖರೆ. ಆದ್ರ ಮುಂದ ನಡಿಸಿದಾಂವ ನಾನ. ನಿನಗ ಹೇಳಬೇಕಾಗಿತ್ತು."

ನೂತನ ಸೆರಗಿನಿಂದ ಮುಖ ಒರೆಸಿಕೊಂಡಳು. ಗಡಹಿಂಗ್ಲಜದ ಮಾತು ಎತ್ತಲಿಲ್ಲ. ಶಾಂತಿನಾಥನ ಜೀವ ಅರ್ಧ ಮರಳಿತು. ಜೇಲೂ ಇಲ್ಲ, ಹೆಂಡತಿಯೂ ಹೋಗಲಿಲ್ಲ. ಇಡೀ ದಿನದ ಒದ್ದಾಟ ಇಲ್ಲಿಗೆ ಮುಗಿಯಿತು ಎಂದುಕೊಂಡ.

ರುತುಜಾ ಪೆನ್ನು ಎತ್ತಿಕೊಂಡು ಗಂಡನ ಮುಂದೆ ಹತ್ತನೆ ಅನುತ್ತೀರ್ಣ, ಹೆಂಡತಿಯ ಮುಂದೆ ಎಂ.ಎ. ಎಂದು ಬರೆದುಕೊಂಡಳು.

"ಹತ್ತನೇ ಕಲಮು. ಶಾಂತಿನಾಥ, ಈಗ ಶಿಕ್ಷಣ ನಡದೈತೇನ್ರಿ?"

"ಇಲ್ರಿ, ಇಲ್ರಿ," ಎಂದು ಶಾಂತಿನಾಥ ಹಗುರಾಗಿ ನಕ್ಕ. "ನಲವತ್ತೆರಡು ವಯಸ್ಸ."

"ನಡದೈತಿ ಅಂತ ಬರೀರಿ," ಎಂದಳು ನೂತನ.

"ಬರಿಯಾಕ ಬರೂದಿಲ್ರಿ ಅಕ್ಕಾರ. ಖರೆ ಇರಬೇಕಾಗತೈತಿ."

ನೂತನ ಒಳಗೆ ಹೋದಳು. ಬಂದಾಗ ಕೈಯಲ್ಲಿ ಸೋನಲಳ ಹೋದ ವರ್ಷದ ಇಂಗ್ಲೀಷು ಪುಸ್ತಕವಿತ್ತು. ಅದನ್ನು ಗಂಡನ ತೊಡೆಯ ಮೇಲೆ ತೆರೆದಿಟ್ಟು, ಎದುರಿನ ಕಟ್ಟೆಯ ಮೇಲೆ ಕಾಲು ಮಡಚಿ ಕುಳಿತಳು.

"ಓದ್ರಿ. ಜೋರ ಓದ್ರಿ, ಬಾಯಾರಿಗೆ ಕೇಳಿಸ್ಬೇಕು."

ಶಾಂತಿನಾಥ ಅಂಗಳ ನೋಡಿದ. ಬಾಬಾಸಾಹೇಬರು ಕುರ್ಚಿಯನ್ನು ಒಂದು ಗೇಣು ಮುಂದಕ್ಕೆ ಎಳೆದುಕೊಂಡರು. ಗಣತಿ ಮುಗಿದರೂ ಎದ್ದುಹೋಗುವ ಲಕ್ಷಣ ಯಾರಲ್ಲೂ ಕಾಣಲಿಲ್ಲ. ಅವನು ಪುಟದ ಮೊದಲ ಸಾಲಿನ ಕೆಳಗೆ ಬೆರಳಿಟ್ಟು, ಮೊದಲ ಅಕ್ಷರ ಗುರುತಿಸಿ, ಎರಡನೆಯದಕ್ಕೆ ತಡವರಿಸಿ ಹೆಂಡತಿಯ ಮುಖ ನೋಡಿದ. ಅವಳು ತಿದ್ದಿದಳು. ಅವನು ತಿದ್ದಿಕೊಂಡು ಓದಿದ.

ರುತುಜಾ ಒಂದು ಸಾಲು ಪೂರ್ತಿ ಕೇಳಿಸಿಕೊಂಡು, ಹತ್ತನೇ ಕಲಮಿನಲ್ಲಿ ಹೌದು ಎಂದು ಬರೆದಳು.